ಕಿಲ್‌ಬ್ರೈಡಿನ ಜಗಲಿ

ಫೆಬ್ರುವರಿ 2, 2025, ಭಾನುವಾರ

ಇದು ಇವರ ಕೆಲಸದ ಡೈರಿ, 2021ರದ್ದು. ಜನವರಿಯಿಂದ ಮೇ ತನಕ ಇವರ ಬರಹವಿದೆ. ಆಮೇಲೆ ಲಾಕ್‌ಡೌನ್ ಬಂದು ಕೆಲಸ ನಿಂತಿತು, ಪುಟಗಳು ಖಾಲಿ ಉಳಿದವು. ನಾನು ಡೈರಿಯನ್ನು ತಿರುಗಿಸಿ ಹಿಡಿದು ಕೊನೆಯ ಪುಟದಿಂದ ಶುರುಮಾಡಿದ್ದೇನೆ. ಹೀಗೆ ಬರೆದರೆ ಇವರ ಅಕ್ಷರ ಕಣ್ಣಿಗೆ ಬೀಳುವುದಿಲ್ಲ. ಆ ಪುಟಗಳನ್ನು ತೆರೆಯುವ ಧೈರ್ಯ ಇನ್ನೂ ಬಂದಿಲ್ಲ.

ಇವರು ಹೋಗಿ ಇಂದಿಗೆ ಐದು ತಿಂಗಳು ಹದಿನೇಳು ದಿನ. ಬೆಳಗ್ಗೆ ಕೆಲಸಕ್ಕೆ ಹೊರಟವರು ಒಂದು ಬೂಟಿನ ದಾರ ಕಟ್ಟಿದರು. ಇನ್ನೊಂದಕ್ಕೆ ಬಾಗಿದವರು ಮೇಲೇಳಲಿಲ್ಲ.

ಚಿನ್ಮಯಿ ಸಿಡ್ನಿಯಿಂದ ಫೋನ್ ಮಾಡಿದ್ದಳು. "ಅಮ್ಮ, ಅಷ್ಟು ದೊಡ್ಡ ಮನೇಲಿ ಒಬ್ಳೇ ಎಂತ ಮಾಡ್ತೀ? ಈಸ್ಟರ್ ರಜಕ್ಕೆ ನಾವೇ ಡ್ರೈವ್ ಮಾಡ್ಕೊಂಡ್ ಬರ್ತೀವಿ. ಪ್ಯಾಕ್ ಮಾಡಿ ನಿನ್ನನ್ನ ನಮ್ಮನೆಗೆ, ಕ್ವೇಕರ್ಸ್ ಹಿಲ್‌ಗೆ ಕರ್ಕೊಂಡ್ ಹೋಗ್ತೀವಿ. ಮನೆ ರೆಂಟಿಗೆ ಕೊಟ್ರಾಯ್ತು."

ಆಗಲಿ ಎಂದೆ. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ.

"ಗ್ಯಾರೇಜಿನಲ್ಲಿರೋ ಅಪ್ಪನ ಬಕೆಟ್ ಎಲ್ಲ ಹಾರ್ಡ್ ರಬ್ಬಿಶ್‌ಗೆ, ಕೌನ್ಸಿಲ್ ಕಸಕ್ಕೆ ಹಾಕ್ಬಿಡು" ಎಂದಳು.

ಬಕೆಟ್ ಎರಡಿವೆ. ಚಿಪ್ಪು ಸುಟ್ಟು ಇವರು ಮಾಡಿದ ಸುಣ್ಣ, ನೀರಿನಡಿ ಬೆಣ್ಣೆಯ ಹಾಗೆ ಕೂತಿದೆ. ಮೇಲಿನ ನೀರು ಆರಿದರೆ ಸುಣ್ಣ ಕೆಡುತ್ತದೆ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಒಂದು ಚೊಂಬು ನೀರು ಹಾಕುತ್ತೇನೆ. ಇವರು ಹೋದ ಮೇಲೆ ತಪ್ಪದೆ ಮಾಡಿದ ಕೆಲಸ ಅದೊಂದೇ ಇರಬೇಕು.

ಫೆಬ್ರುವರಿ 8

ಕಿಲ್‌ಬ್ರೈಡಿನಿಂದ ನೋರಾಳ ಪತ್ರ ಬಂದಿದೆ. ಕಿಲ್‌ಬ್ರೈಡ್ ನಮ್ಮ ಕ್ರೇಗಿಬರ್ನಿನಿಂದ ಮೂರೂವರೆ ಗಂಟೆಯ ದಾರಿ, ಪಶ್ಚಿಮಕ್ಕೆ, ಕಡಲ ದಂಡೆಯಲ್ಲಿ. ನೂರೈವತ್ತು ವರ್ಷಕ್ಕೂ ಹಿಂದೆ ಐರ್ಲೆಂಡಿನಿಂದ ಹಸಿದು ಬಂದ ಜನ ಮೀನು ಹಿಡಿದು, ಆಲೂಗಡ್ಡೆ ಬೆಳೆದು ಬದುಕಿದ ಊರು. ಈಗ ಉಳಿದಿರುವುದು ಒಂದು ಚರ್ಚು, ದೋಣಿ ನಿಲ್ಲಿಸುವ ಒಂದು ಧಕ್ಕೆ, ಸಾಲಾಗಿ ಮೂರು ಕಲ್ಲಿನ ಮನೆ. ಮೂರರಲ್ಲಿ ನಡುವಿನದು ನೋರಾಳದು. ಅವಳಿಗೆ ಎಂಬತ್ತೊಂದು ವರ್ಷ.

ಇವರು ಅಲ್ಲಿ ಯಾರದೋ ರಜೆಯ ಮನೆಗೆ ಇಟ್ಟಿಗೆ ಕಟ್ಟಲು ಹೋಗಿದ್ದವರು ನೋರಾಳ ಗೋಡೆ ನೋಡಿ ನಿಂತರಂತೆ. ಯಾರೋ ಸಿಮೆಂಟ್ ಮೆತ್ತಿ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದಿದ್ದರು. ಒಳಗೆಲ್ಲ ತೇವ. "ನಿಮ್ಮ ಗೋಡೆಗೆ ಉಸಿರು ಕಟ್ಟಿದೆ" ಎಂದರಂತೆ. ಅಂದಿನಿಂದ ಎರಡು ವರ್ಷ ಶನಿವಾರ, ಭಾನುವಾರ ಬಂತೆಂದರೆ ಅಲ್ಲೇ. ಸಿಮೆಂಟ್ ಕಿತ್ತು ಸುಣ್ಣದ ಗಾರೆ ಮಾಡಿದರು. ನಮ್ಮ ತದಡಿಯಲ್ಲಿ ಇವರ ಸೋದರಮಾವನಿಗೆ ಸುಣ್ಣದ ಭಟ್ಟಿ ಇತ್ತು. ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕಿ, ತಿಂದು, ಚಿಪ್ಪನ್ನು ಭಟ್ಟಿಗೆ ಹಾಕುತ್ತಿದ್ದರು. ಬಹ್ರೇನಿನಲ್ಲಿ, ಇಲ್ಲಿ ಮೆಲ್ಬರ್ನಿನಲ್ಲಿ ಇಪ್ಪತ್ತೆಂಟು ವರ್ಷ ಸಿಮೆಂಟಿನ ಕೆಲಸ ಮಾಡಿದವರಿಗೆ ಆ ಸುಣ್ಣದ ಹುಚ್ಚು ಮಾತ್ರ ಬಿಟ್ಟಿರಲಿಲ್ಲ.

ನನ್ನ ಹೆಸರು ಅವಳ ನಾಲಗೆಯಲ್ಲಿ ಆನ್ ಆಗಿದೆ. ಪತ್ರದಲ್ಲಿ ಇಷ್ಟೇ ಇದೆ. "ಆನ್, ಬಾ. ನಿನ್ನ ಹಿಮ್‌ಸೆಲ್ಫ್‌ನ ಬಗ್ಗೆ ತೋರಿಸಬೇಕಾದ್ದು ಒಂದಿದೆ. ಫೋನಿನಲ್ಲಿ ಹೇಳುವುದಲ್ಲ."

ನಾನು ಇವರ ಹೆಸರು ಹೇಳುವುದಿಲ್ಲ. ಹೇಳಿ ರೂಢಿಯಿಲ್ಲ. ಆಸ್ಪತ್ರೆಯಲ್ಲಿ ಕೇಳಿದಾಗಲೂ ಕಾರ್ಡ್ ತೋರಿಸಿದ್ದೆ. ಮೊದಲ ಸಲ ಭೇಟಿಯಾದಾಗ ನೋರಾ, "ಇದೆಂಥ ಪದ್ಧತಿ? ಸಿಟ್ಟು ಬಂದರೆ ಏನೆಂದು ಕರೆಯುತ್ತೀ?" ಎಂದು ನಕ್ಕಿದ್ದಳು. ಆಮೇಲೆ ತಾನೇ ಹೇಳಿದಳು, ಅವಳ ಅಜ್ಜಿಯೂ ಗಂಡನ ಹೆಸರು ಹೇಳುತ್ತಿರಲಿಲ್ಲವಂತೆ. 'ಹಿಮ್‌ಸೆಲ್ಫ್ ಬಂದ್ರಾ, ಹಿಮ್‌ಸೆಲ್ಫ್ ಉಂಡ್ರಾ' ಎನ್ನುತ್ತಿದ್ದಳಂತೆ. ಅಂದಿನಿಂದ ನಮ್ಮಿಬ್ಬರ ನಡುವೆ ಅವಳ ತೀರಿಹೋದ ಗಂಡ ಅವಳ ಹಿಮ್‌ಸೆಲ್ಫ್, ಇವರು ನನ್ನ ಹಿಮ್‌ಸೆಲ್ಫ್.

ಇವರು ಹೋದ ಮೇಲೆ ನಾನು ಅಲ್ಲಿಗೆ ಹೋಗಿಲ್ಲ. ಕಡಲು ನೋಡುವುದೂ ಬೇಡವಾಗಿದೆ. ಮೀನು ಮನೆಗೆ ತಂದಿಲ್ಲ.

ಫೆಬ್ರುವರಿ 16, ಭಾನುವಾರ

ಹೋಗಿ ಬಂದೆ. ಫ್ರೀವೇಯಲ್ಲಿ ಕಾರು ಓಡಿಸಲು ನನಗೆ ಭಯ. ಎರಡು ಮನೆ ಆಚೆಯ ಬಸವಣ್ಣೆಪ್ಪ ಕರೆದುಕೊಂಡು ಹೋದ. ಹಾವೇರಿ ಕಡೆಯವನು, ಓದಲು ಬಂದವನು ಪಿಆರ್ ಸಿಕ್ಕಿ ಇಲ್ಲೇ ನೆಲೆಸಿ ಈಗ ಬ್ರೆಡ್ಡಿನ ಲಾರಿ ಓಡಿಸುತ್ತಾನೆ. ದಾರಿಯುದ್ದಕ್ಕೂ ಅವನದೇ ಮಾತು. ಕಿಲ್‌ಬ್ರೈಡಿನ ಧಕ್ಕೆಯ ಹತ್ತಿರ ಕಾರಿನ ಗಾಜು ಏರಿಸಿದ.

"ಅಕ್ಕಾರ, ಏನ್ರಿ ಇದು ವಾಸ್ನಿ! ನಮ್ಮ ಪೈಕಿಯವರು ಯಾರಾರ ನೋಡಿದ್ರ ನನ್ನ ಜಾತಿಯಿಂದ ಹೊರಗ ಹಾಕ್ತಾರ್ರಿ."

"ಗಾಜು ಏರಿಸಿದ್ರೆ ವಾಸನೆ ಒಳಗೇ ಉಳೀತದೆ ಮಾರಾಯ" ಎಂದೆ. ತಕ್ಷಣ ಇಳಿಸಿದ.

ಮನೆಗಳ ಮುಂದೆ ಇಳಿದಾಗ ನಾನು ಗೋಡೆ ನೋಡಲಿಲ್ಲ. ಜಗಲಿ ನೋಡಿದೆ. ನೋರಾಳ ಚಿಮಣಿ ಬಿದ್ದಾಗ ರಾಶಿಯಾದ ಕಪ್ಪು ಕಲ್ಲನ್ನು ಎಸೆಯಲು ಹೇಳಿದ್ದಳು. ಇವರು ಎಸೆಯದೆ ಮೂರೂ ಮನೆಗಳ ಗೋಡೆಗೆ ಹೊಂದಿಸಿ, ನಮ್ಮ ಕಡೆ ಕಟ್ಟುವ ಹಾಗೆ, ಉದ್ದಕ್ಕೆ ಜಗಲಿ ಕಟ್ಟಿದರು. "ಬಾಗಿಲ ಮುಂದೆ ಕೂರಕ್ಕೆ ಜಾಗ ಇಲ್ದಿದ್ರೆ ಅದೆಂಥ ಮೀನುಗಾರರ ಮನೆ?" ಎನ್ನುತ್ತಿದ್ದರು. ಗಾಳಿಗೆ, ಉಪ್ಪಿಗೆ ನಾಲ್ಕು ವರ್ಷದಲ್ಲಿ ಅದು ಗೋಡೆಯಷ್ಟೇ ಹಳೆಯದಾಗಿ ಕಾಣುತ್ತಿತ್ತು. ಕಲ್ಲಿನ ಸಂದಿಯಲ್ಲಿ ಇರುವೆಗಳ ಸಾಲು.

"ಬೇಸಿಗೆ ಬಂತೆಂದರೆ ಇದೇ ಕಥೆ" ಎಂದಳು ನೋರಾ. "ನಿನ್ನ ಹಿಮ್‌ಸೆಲ್ಫ್ ಗಾರೆಗೆ ಬೆಲ್ಲ ಹಾಕಿದ್ದಲ್ಲವೇ? ನಾನು ಸತ್ತ ಮೇಲೂ ಇವು ಬರುತ್ತವೆ ನೋಡು."

ಚಹಾ ಕೊಟ್ಟು ದಪ್ಪ ರಿಪೋರ್ಟ್ ಒಂದನ್ನು ಮುಂದಿಟ್ಟಳು. ಆಚೀಚೆಯ ಎರಡು ಖಾಲಿ ಮನೆಗಳನ್ನೂ ಹಿಂದಿನ ಹೊಲವನ್ನೂ ಒಂದು ಕಂಪನಿ ಕೊಂಡಿದೆ. ಎಲ್ಲ ಕೆಡವಿ ರಜೆಯ ಅಪಾರ್ಟ್‌ಮೆಂಟ್ ಕಟ್ಟುತ್ತಾರಂತೆ. ನಡುವೆ ನೋರಾಳ ಮನೆಯೊಂದೇ ನಿಂತರೂ ನಿಲ್ಲುವುದು ಎಷ್ಟು ದಿನ? ಇಡೀ ಸಾಲನ್ನು ಐರಿಶ್ ಮೀನುಗಾರರ ಪಾರಂಪರಿಕ ಸ್ಥಳವೆಂದು ಕೌನ್ಸಿಲ್ ಸಂರಕ್ಷಣೆಯ ಪಟ್ಟಿಗೆ ಸೇರಿಸಿದರೆ ಮಾತ್ರ ಉಳಿಯುತ್ತದೆ. ಮಾರ್ಚ್ 13ಕ್ಕೆ ವಿಚಾರಣೆ. ಅದಕ್ಕಾಗಿ ಕೌನ್ಸಿಲ್ ನೇಮಿಸಿದ ತಜ್ಞ ಒಂದು ದಿನ ಬಂದು ನೋಡಿ ಈ ರಿಪೋರ್ಟ್ ಬರೆದಿದ್ದಾನೆ.

ನೋರಾ ಒಂದು ಪುಟ ತೆಗೆದು ಬೆರಳಿಟ್ಟು ನಿಧಾನವಾಗಿ ಓದಿದಳು. ಮನೆಗಳ ಬಾಗಿಲು, ಕಿಟಕಿ, ಮಾಡು ಎಲ್ಲ ಬದಲಾಗಿವೆ. ಆದರೆ ಮೂರು ಮನೆಗಳನ್ನು ಜೋಡಿಸುವ ಕಲ್ಲಿನ ಆಸನ ಮೂಲದ್ದು, ಸುಮಾರು 1850ರ ದಶಕದ್ದು. ಮೀನುಗಾರರು ಒಟ್ಟಿಗೆ ಕುಳಿತು ಬಲೆ ಸರಿಮಾಡುತ್ತಿದ್ದುದಕ್ಕೆ ಸಾಕ್ಷಿ. ಈ ಕರಾವಳಿಯಲ್ಲಿ ಇಂಥದ್ದು ಇನ್ನೊಂದಿಲ್ಲ. ಕಟ್ಟಿದವರು ಯಾರೆಂದು ತಿಳಿದಿಲ್ಲ.

ನನಗೆ ನಗು ಬಂತು. ಜೋರಾಗಿ ನಕ್ಕೆ. ಬಸವಣ್ಣೆಪ್ಪ ಹೊರಗಿನಿಂದ ಇಣುಕಿ ನೋಡಿದ. ನೋರಾ ನಗಲಿಲ್ಲ.

"ನೀವು ಅವನಿಗೆ ಹೇಳಲಿಲ್ವಾ?" ಎಂದೆ.

"ಅವನು ಕೇಳಲಿಲ್ಲ. ಮಂಡಿಯೂರಿ ಗಾರೆ ಕೆರೆದು ನೋಡಿದ, ಚಿಪ್ಪಿನ ಚೂರು ಕಂಡಿತು, ಮುಖ ಅರಳಿತು. ಆ ಮುಖ ಬಾಡಿಸಲು ನನಗೆ ಮನಸ್ಸಾಗಲಿಲ್ಲ." ಆಮೇಲೆ ನನ್ನ ಕೈ ಹಿಡಿದಳು. "ನೋಡು ಲವ್, ಇದು ನಮ್ಮಿಬ್ಬರಿಗೂ ಒಳ್ಳೆಯದು. ಪಟ್ಟಿಗೆ ಸೇರಿದರೆ ಆ ಜಗಲಿಯ ಒಂದು ಕಲ್ಲನ್ನೂ ಯಾರೂ ಅಲ್ಲಾಡಿಸುವಂತಿಲ್ಲ. ನೀನು, ನಾನು ಹೋದ ಮೇಲೂ. ಹೊಸದೆಂದು ತಿಳಿದರೆ ಅದನ್ನು ಮೊದಲು ಕೆಡವುತ್ತಾರೆ, ಆಮೇಲೆ ನನ್ನನ್ನು. ಗೊತ್ತಿರುವ ಊರಿನವರು ಬಾಯಿ ಬಿಡುವುದಿಲ್ಲ, ಉಳಿದವರು ನಾವಿಬ್ಬರೇ. ಸುಮ್ಮನಿದ್ದರೆ ಸಾಕು."

ವಿಚಾರಣೆಯಲ್ಲಿ ಸುಣ್ಣ ಬಳಿಯುವುದರ ಬಗ್ಗೆ ನಾನೂ ನಾಲ್ಕು ಮಾತು ಆಡಬೇಕೆಂದು ನನ್ನ ಹೆಸರು ಕೊಟ್ಟಿದ್ದಾಳೆ. ಈ ಊರಿನಲ್ಲಿ ಪ್ರತಿ ವರ್ಷ ಈಸ್ಟರಿಗೆ ಮುಂಚೆ ಮನೆಗೆಲ್ಲ ಸುಣ್ಣ ಬಳಿಯುವುದು ಹಳೆಯ ಪದ್ಧತಿ. ನಿಂತಿದ್ದನ್ನು ಇವರೇ ಮತ್ತೆ ಶುರುಮಾಡಿಸಿದರು.

ಆಗಲಿ ಎಂದು ಬಂದೆ.

ವಾಪಸು ಬರುವಾಗ ಬಸವಣ್ಣೆಪ್ಪ ಹೇಳಿದ, "ನಮ್ಮೂರಾಗ ಇಂಥಾ ಮನಿ ಕೆಡವಿ ಆರ್‌ಸಿಸಿ ಹಾಕ್ಸಿ ಪೂಜಿ ಮಾಡ್ತಾರ್ರಿ. ಇವ್ರು ನೋಡ್ರಿ, ಹಳೇ ಗ್ವಾಡಿ ಸಲುವಾಗಿ ಮೀಟಿಂಗ್ ಮ್ಯಾಲ ಮೀಟಿಂಗ್. ಆದ್ರೂ ಆ ಕಟ್ಟಿ ಮ್ಯಾಲ ಕುಂತಿದ್ನಲ್ರಿ, ಭಾಳ ತಂಪಿತ್ತು."

ಫೆಬ್ರುವರಿ 17

ಇವರು ಕಟ್ಟಿದ್ದು ಶಾಶ್ವತವಾಗಿ ಉಳಿಯುತ್ತದೆ. ಇದಕ್ಕಿಂತ ಹೆಚ್ಚು ಏನು ಬೇಕು? ಹಾಗೆಂದು ಬೆಳಗಿನಿಂದ ಹತ್ತು ಸಲ ಹೇಳಿಕೊಂಡೆ.

ಫೆಬ್ರುವರಿ 23

ಚಿನ್ಮಯಿಗೆ ಹೇಳಿದೆ. ಅವಳು ಕುಣಿದಳು. "ಅಯ್ಯೋ ಅಮ್ಮ, ಅಪ್ಪ ಹೆರಿಟೇಜ್ ಆಗ್ಬಿಟ್ರಾ! ಸುಮ್ನಿದ್ಬಿಡು ಪ್ಲೀಸ್. ಯಾರಿಗೂ ಲಾಸ್ ಇಲ್ವಲ್ಲ."

ಹಿಂದಿನಿಂದ ಮೊಮ್ಮಗಳು ಆದ್ಯಾ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಅವಳಿಗೆ ಎಂಟು ವರ್ಷ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಏನಂತೆ ಎಂದೆ. "ಅಜ್ಜ ಕಟ್ಟಿದ್ದು ಅಂತ ಬೋರ್ಡ್ ಹಾಕ್ತಾರಾ ಅಂತ ಕೇಳ್ತಿದಾಳೆ" ಎಂದಳು ಚಿನ್ಮಯಿ.

ಇಲ್ಲ ಎಂದೆ.

"ದೆನ್ ಹೌ ವಿಲ್ ದೇ ನೋ?" ಎಂದು ಹುಡುಗಿ ಕೇಳಿದ್ದು ನನಗೇ ಕೇಳಿಸಿತು.

ಅಡುಗೆಮನೆಯ ಪಾತ್ರೆಗಳನ್ನು ಎರಡು ಪೆಟ್ಟಿಗೆಗೆ ತುಂಬಿದೆ.

ಮಾರ್ಚ್ 2, ಭಾನುವಾರ

ನೋರಾ ಇಂದು ಮನೆಯನ್ನು ಎಲ್ಲರಿಗೂ ತೆರೆದಿಟ್ಟಿದ್ದಳು, ವಿಚಾರಣೆಗೆ ಮುಂಚೆ ಜನರ ಸಹಿ ಬೇಕಲ್ಲ. ನಾನು ಚಹಾ ಕೊಡಲು ಹೋಗಿದ್ದೆ. ನಲವತ್ತು ಜನ ಬಂದಿರಬಹುದು. ಕೂಟಾ ಮೀನಿಗೆ ಗಾಳ ಹಾಕಿ ಬದುಕಿದವರ, ಬಿರುಗಾಳಿಗೆ ಮಗುಚಿದ ದೋಣಿಗಳ, ಮರಳಿ ಬಾರದ ಅಣ್ಣತಮ್ಮಂದಿರ ಫೋಟೋಗಳನ್ನು ಗೋಡೆಗೆ ಹಚ್ಚಿದ್ದಳು. ಒಂದು ಫೋಟೋದಲ್ಲಿ ಹೆಂಗಸರು ಸೊಂಟಕ್ಕೆ ಸೆರಗು ಕಟ್ಟಿದ ಹಾಗೆ ಏಪ್ರನ್ ಬಿಗಿದು ಮೀನು ಸೀಳುತ್ತಿದ್ದರು. ಚಾಕು ಹಿಡಿದ ರೀತಿ ನಮ್ಮ ಕಡೆಯ ಹೆಂಗಸರದ್ದೇ. ಆ ಫೋಟೋದ ಮುಂದೆ ಬಹಳ ಹೊತ್ತು ನಿಂತೆ. ಕೆಳಗೆ ಯಾರ ಹೆಸರೂ ಇರಲಿಲ್ಲ. "ಹೆಂಗಸರು, ಕಿಲ್‌ಬ್ರೈಡ್" ಎಂದಷ್ಟೇ ಇತ್ತು.

ಮಧ್ಯಾಹ್ನ ಒಬ್ಬ ತಂದೆ ಮಗಳನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕಥೆ ಹೇಳುತ್ತಿದ್ದ. ನಾನು ಅಲ್ಲೇ ಕಪ್ಪುಗಳನ್ನು ತೆಗೆಯುತ್ತಿದ್ದೆ. ಒಬ್ಬ ಐರಿಶ್ ಮೀನುಗಾರ, ಅವನ ಹೆಂಡತಿಗೆ ಸಂಜೆ ಕಡಲು ನೋಡುತ್ತಾ ಕೂರುವ ಆಸೆ. ಅವಳಿಗಾಗಿ ಅವನು ಇದನ್ನು ಕಟ್ಟಿದ. ಹುಡುಗಿ, "ಅವಳ ಹೆಸರೇನು?" ಎಂದಳು. ತಂದೆ ಒಂದು ಕ್ಷಣ ಯೋಚಿಸಿ, "ಮೇರಿ" ಎಂದ.

ಕಪ್ಪುಗಳನ್ನು ಒಳಗೆ ತೆಗೆದುಕೊಂಡು ಹೋಗಿ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಹೊರಡುವಾಗ ನೋರಾ ಮನೆಯ ಹಿಂದಿನ ಮರಳ ದಿಬ್ಬದ ತನಕ ಬಂದಳು. ಅದರ ತುಂಬ ಹಳೆಯ ಚಿಪ್ಪು. ಇವರು ಮೊದಲ ಸಲ ಸುಣ್ಣಕ್ಕೆಂದು ಅದರಿಂದ ಹೆಕ್ಕಲು ಹೋದಾಗ ಅವಳು ತಡೆದಿದ್ದಳಂತೆ. ಐರಿಶರು ಬರುವುದಕ್ಕೆ ಸಾವಿರಾರು ವರ್ಷ ಮುಂಚಿನಿಂದ ಇಲ್ಲಿ ಕೂತು ಉಂಡ ಮೂಲ ಜನರದ್ದು ಅದು. "ನಮ್ಮ ಅಜ್ಜಂದಿರು ಅದನ್ನೇ ಸುಟ್ಟು ನಮ್ಮ ಗೋಡೆಗೆ ಸುಣ್ಣ ಮಾಡಿಕೊಂಡರು, ಒಂದು ಮಾತೂ ಕೇಳಲಿಲ್ಲ. ಇನ್ನು ಮುಟ್ಟುವುದು ಬೇಡ" ಎಂದಿದ್ದಳಂತೆ. ಇವರು ಆಮೇಲೆ ಮೀನಿನ ಅಂಗಡಿಯವರು ಎಸೆಯುವ ಚಿಪ್ಪನ್ನು ಮೂಟೆಯಲ್ಲಿ ತರುತ್ತಿದ್ದರು.

ಇಂದು ಅವಳೇ ಅದನ್ನು ನೆನಪು ಮಾಡಿ ಹೇಳಿದಳು. ನಾನು ಅವಳ ಮುಖ ನೋಡಿದೆ. ಅವಳು ಕಡಲು ನೋಡಿದಳು.

ಮಾರ್ಚ್ 4

ಇವರ ಪುಟಗಳನ್ನು ತೆರೆದೆ.

ಹೆದರಿದ್ದಷ್ಟು ಏನೂ ಆಗಲಿಲ್ಲ. ಅಳತೆಗಳು, ಗೋಡೆಯ ಗೆರೆಚಿತ್ರ, ಯಾವ ದಿನ ಮಳೆ ಬಂತು, ಯಾರ ಟ್ರಾಲಿ ಕೇಳಬೇಕು. ಏಪ್ರಿಲ್ ಹನ್ನೊಂದರ ಪುಟ ಹೀಗಿದೆ:

"ಕಿಲ್‌ಬ್ರೈಡ್. ಜಗಲಿ ಮುಗಿಯಿತು. ಉದ್ದ 31 ಅಡಿ, ಎತ್ತರ ಒಂದೂವರೆ. ಬಿದ್ದ ಚಿಮಣಿಯ ಕಲ್ಲು. ಸುಣ್ಣ 3 ಬಕೆಟ್, ಮರಳು 8. ಬೆಲ್ಲ ಎರಡು ಅಚ್ಚು. ಇವಳು ಬೈದಳು."

ಬೈದಿದ್ದೆ. ಯುಗಾದಿಗೆ ಎರಡು ದಿನ ಇತ್ತು. ಹಬ್ಬಕ್ಕೆಂದು ತಂದಿಟ್ಟ ಬೆಲ್ಲವನ್ನು ಹೇಳದೆ ಕೇಳದೆ ಒಯ್ದಿದ್ದರು. "ದೇವರಿಗೆ ಇಟ್ಟಿದ್ದನ್ನ ಕಲ್ಲಿಗೆ ತಿನ್ನಿಸಿದ್ರಾ?" ಎಂದೆ. "ಕಲ್ಲೂ ಗಟ್ಟಿ ಇರ್ಬೇಕಲ್ದಾ, ಬೆಲ್ಲ ತಿಂದ್ರೆ ಬಿಡೂದಿಲ್ಲ" ಎಂದರು. ಆ ಯುಗಾದಿಗೆ ಸಕ್ಕರೆಯಲ್ಲೇ ಬೇವು ಕೊಟ್ಟೆ, ಎರಡು ದಿನ ಮಾತಾಡಲಿಲ್ಲ.

ಅದನ್ನು ಬರೆದಿಟ್ಟಿದ್ದಾರೆ. ಸುಣ್ಣ, ಮರಳು, ಬೆಲ್ಲ, ನನ್ನ ಬೈಗುಳ, ಎಲ್ಲ ಒಂದೇ ಸಾಲಿನಲ್ಲಿ.

ಮೇರಿಯಂತೆ.

ಮಾರ್ಚ್ 13, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕೌನ್ಸಿಲ್ ಹಾಲಿನಲ್ಲಿ ಮುಂದೆ ಮೇಜು, ಅದರ ಹಿಂದೆ ವಿಚಾರಣೆ ನಡೆಸುವ ಮೂವರು, ನಡುವೆ ಬಿಳಿ ಕೂದಲ ಹೆಂಗಸು. ಕಂಪನಿಯ ವಕೀಲ ತಜ್ಞನಿಗೆ ಒಂದೊಂದೇ ಕೇಳುತ್ತಾ ಹೋದ. ಬಾಗಿಲು ಹೊಸದೇ? ಹೌದು. ಮಾಡು? ಹೊಸದು. ಕಿಟಕಿ? ಹೊಸದು. ಹಾಗಾದರೆ ಮೀನುಗಾರರ ಬದುಕಿನ ಗುರುತೆಂದು ಇಲ್ಲಿ ಉಳಿದಿರುವುದೇನು? ತಜ್ಞ, "ಮುಖ್ಯವಾಗಿ ಆ ಕಲ್ಲಿನ ಆಸನ" ಎಂದ.

ಆಮೇಲೆ ನನ್ನ ಸರದಿ. ನೋರಾ ನನ್ನ ಬೆನ್ನು ತಟ್ಟಿ, "ಸುಣ್ಣದ ಬಗ್ಗೆ ಹೇಳು, ಕೂತುಬಿಡು" ಎಂದಳು.

ಸುಣ್ಣದ ಬಗ್ಗೆ ಹೇಳಿದೆ. ಕಲ್ಲಿನ ಗೋಡೆಗೆ ಸುಣ್ಣವೇ ಯಾಕೆ, ವರ್ಷಕ್ಕೊಮ್ಮೆ ಯಾಕೆ ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಮೂವರೂ ತಲೆಯಾಡಿಸಿದರು. ಕೂರಬೇಕಿತ್ತು. ಕೂರಲಿಲ್ಲ.

"ಆ ಆಸನ 1850ರದ್ದಲ್ಲ" ಎಂದೆ. "2021ರದ್ದು. ನನ್ನ ಗಂಡ ಕಟ್ಟಿದ್ದು."

ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರು. ವಕೀಲ ಎದ್ದು ನಿಂತ. ನಾನು ಹಿಂದೆ ತಿರುಗಿ ನೋಡಲಿಲ್ಲ. ಡೈರಿ ತೆಗೆದು ಆ ಪುಟ ತೋರಿಸಿದೆ. ಬಿಳಿ ಕೂದಲಿನವಳು ನನಗೇ ಓದಿ ಅರ್ಥ ಹೇಳಲು ಹೇಳಿದಳು. ಹೇಳಿದೆ. ಬೆಲ್ಲ ಎಂದರೇನು ಎಂದಳು. ಅದನ್ನೂ ಹೇಳಿದೆ. "ಕೊನೆಯ ಎರಡು ಪದ?" ಎಂದಳು. "ನಾನು ಬೈದೆ" ಎಂದೆ. ಜನ ನಕ್ಕರು. ಅವಳೂ ನಕ್ಕಳು. ತಜ್ಞ ಮಾತ್ರ ಕೆಂಪಾಗಿ ನೆಲ ನೋಡುತ್ತಿದ್ದ. ಪಾಪ, ಅವನಿಗಾಗಿ ಬೇಸರವಾಯಿತು. ಇವರ ಕೆಲಸಕ್ಕೆ ಅವನಷ್ಟು ದೊಡ್ಡ ಮೆಚ್ಚುಗೆ ಯಾರೂ ಕೊಟ್ಟಿರಲಿಲ್ಲ.

"ದಾಖಲೆಗೆ ನಿಮ್ಮ ಗಂಡನ ಹೆಸರು ಹೇಳಿ" ಎಂದಳು.

ಕಾರ್ಡ್ ಹುಡುಕಲು ಚೀಲಕ್ಕೆ ಕೈ ಹಾಕಿದೆ. ಇರಲಿಲ್ಲ. ಮರೆತಿದ್ದೇನೆಂದುಕೊಂಡಳೋ ಏನೋ, "ನಿಧಾನವಾಗಿ ಹೇಳಿ" ಎಂದಳು. ಹಿಂದಿನಿಂದ ನೋರಾ, "ಅವಳು ಹೇಳುವುದಿಲ್ಲ. ಅವರಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ" ಎಂದಳು. ಅವಳ ದನಿ ಒಣಗಿತ್ತು.

ಮದುವೆಯ ದಿನ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಕಾಡಿದಾಗ ಒಮ್ಮೆ ಹೇಳಿದ್ದೆ. ಇಂದು ಎರಡನೇ ಸಲ ಹೇಳಿದೆ. ಹೆಸರು, ಅವರ ತಂದೆಯ ಹೆಸರು, ಮನೆತನದ ಹೆಸರು, ಮೂರನ್ನೂ. ಮೈಕಿನಲ್ಲಿ ಹಾಲಿಗೆಲ್ಲ ಕೇಳಿಸಿತು.

ಇಲ್ಲಿ ಬರೆಯಲು ಕೈ ಬರುತ್ತಿಲ್ಲ.

ವಕೀಲ ಬಿಡಲಿಲ್ಲ. ಮುಖ್ಯ ಸಾಕ್ಷಿಯೇ ಸುಳ್ಳಾದರೆ ಉಳಿದದ್ದನ್ನು ನಂಬುವುದು ಹೇಗೆ ಎಂದ. ಮೂವರೂ ಗೋಡೆಯನ್ನೂ ಜಗಲಿಯನ್ನೂ ಮತ್ತೆ ಪರೀಕ್ಷೆ ಮಾಡಿಸುತ್ತೇವೆ ಎಂದರು.

ಹೊರಗೆ ನೋರಾ ಕಾರಿನ ಹತ್ತಿರ ನಿಂತಿದ್ದಳು. ನಾನು ಹತ್ತಿರ ಹೋದೆ. "ನನಗೆ ಎಂಬತ್ತೊಂದು, ಆನ್" ಎಂದಳು. ಅಷ್ಟೇ. ಕಾರು ಹತ್ತಿದಳು.

ಮಾರ್ಚ್ 14

ತಪ್ಪು ಮಾಡಿದೆನೋ ಏನೋ. ಮನೆಯೂ ಹೋಗಬಹುದು, ಜಗಲಿಯೂ ಹೋಗಬಹುದು, ನೋರಾಳೂ.

ಮಾರ್ಚ್ 30, ಭಾನುವಾರ

ಯುಗಾದಿ. ಇವರಿಲ್ಲದ ಮೊದಲನೆಯದು. ನನಗೆ ಹಬ್ಬವಿಲ್ಲ. ಬಸವಣ್ಣೆಪ್ಪನ ಹೆಂಡತಿ ಹೋಳಿಗೆ ಕಳಿಸಿದ್ದಳು, ತಿಂದೆ. ಅಂಗಡಿಗೆ ಹೋದಾಗ ಎರಡು ಅಚ್ಚು ಬೆಲ್ಲ ತಂದಿಟ್ಟೆ. ಯಾಕೆಂದು ಗೊತ್ತಿಲ್ಲ.

ನೋರಾಳಿಗೆ ಮೂರು ಸಲ ಫೋನ್ ಮಾಡಿದ್ದೆ, ಎತ್ತಲಿಲ್ಲ.

ಬಕೆಟಿಗೆ ನೀರು ಹಾಕಿದೆ. ಸುಣ್ಣಕ್ಕೆ ಬೆರಳಿಟ್ಟು ನೋಡಿದೆ, ತಣ್ಣಗೆ, ನುಣ್ಣಗೆ ಇದೆ. ಹಳೆಯದಾದಷ್ಟೂ ಒಳ್ಳೆಯದು ಎನ್ನುತ್ತಿದ್ದರು.

ಏಪ್ರಿಲ್ 5

ಬೆಳಗ್ಗೆ ಫೋನ್. ಹಲೋ ಎನ್ನುವ ಮೊದಲೇ ಆ ಕಡೆಯಿಂದ, "ನಿನ್ನ ಇರುವೆಗಳು ಮತ್ತೆ ಬಂದಿವೆ. ಈಗ ಸಕ್ಕರೆ ಡಬ್ಬಿಗೂ ಹತ್ತಿವೆ."

"ಅರಿಶಿನ ಹಾಕಿ" ಎಂದೆ.

"ನನ್ನ ಮನೆಯಲ್ಲಿ ಅರಿಶಿನ ಎಲ್ಲಿಂದ ಬರಬೇಕು?"

"ತರ್ತೇನೆ."

ಪರೀಕ್ಷೆಗೆ ಬಂದವರು ಜಗಲಿಯ ಮೂಲೆಯ ಒಂದು ಕಲ್ಲನ್ನು ಎಬ್ಬಿಸಲು ಅರ್ಧ ದಿನ ಹೆಣಗಿದರಂತೆ. ಉಳಿ ತುಂಡಾಯಿತಂತೆ. "ಬೈಗುಳ ತಿಂದ ಗಾರೆ, ಸುಮ್ಮನೆ ಬಿಡುತ್ತದೆಯೇ ಎಂದೆ ಅವರಿಗೆ" ಎಂದಳು.

ಆಮೇಲೆ ದನಿ ತಗ್ಗಿಸಿದಳು. "ನನಗೆ ಸಿಟ್ಟು ಬಂದಿತ್ತು ಲವ್. ಈಗಲೂ ಸ್ವಲ್ಪ ಇದೆ. ಆದರೆ ನಿನ್ನೆ ಅಜ್ಜಿಯ ಸಮಾಧಿಗೆ ಹೋಗಿದ್ದೆ. ಕಲ್ಲಿನ ಮೇಲೆ ಏನಿದೆ ಗೊತ್ತೇ? 'ಪ್ಯಾಟ್ರಿಕ್‌ನ ಹೆಂಡತಿ'. ಅಷ್ಟೇ. ಅವಳ ಹೆಸರನ್ನು ಯಾರೂ ಕೊರೆಸಿಲ್ಲ. ಅರವತ್ತು ವರ್ಷದಿಂದ ನೋಡುತ್ತಿದ್ದೇನೆ, ನಿನ್ನೆ ಕಣ್ಣಿಗೆ ಬಿತ್ತು."

ಹೆಸರೇನು ಎಂದು ಕೇಳಿದೆ. "ಹನೋರಾ. ನನ್ನ ಪೂರ್ತಿ ಹೆಸರೂ ಅದೇ" ಎಂದಳು.

ಏಪ್ರಿಲ್ 15, ಮಂಗಳವಾರ

ಪತ್ರ ಬಂತು. ಚಿನ್ಮಯಿ ಶನಿವಾರವೇ ಬಂದಿದ್ದಾಳೆ, ಅವಳೇ ಓದಿ ಹೇಳಿದಳು. ಗೋಡೆಯ ಗಾರೆಯಲ್ಲಿ ಹಳೆಯದೂ ಇದೆ, ಹೊಸದೂ ಇದೆ. ಹಳೆಯದು ನಿಜವಾಗಿಯೂ 1850ರ ಕಡೆಯದು. ಸಿಮೆಂಟ್ ಕಿತ್ತಾಗ ಕೆಳಗಿನ ಹಳೆಯ ಗಾರೆಯನ್ನು ಇವರು ಒಂದಿಷ್ಟೂ ಕೆಡಿಸಿರಲಿಲ್ಲವಂತೆ. ಅದರ ಆಧಾರದ ಮೇಲೆ ಮೂರೂ ಮನೆಗಳನ್ನು ಪಟ್ಟಿಗೆ ಸೇರಿಸಲು ವಿಚಾರಣೆಯವರು ಶಿಫಾರಸು ಮಾಡಿದ್ದಾರೆ. ಮರಳ ದಿಬ್ಬದ ಚಿಪ್ಪಿನ ಬಗ್ಗೆ ಆ ಮೂಲ ಜನರನ್ನೇ ಕೇಳಿ ಹೊಸದಾಗಿ ಬರೆಯಬೇಕು ಎಂದೂ ಇದೆ.

ಜಗಲಿ ಪಟ್ಟಿಯಲ್ಲಿಲ್ಲ. ಅದಕ್ಕೆ ರಕ್ಷಣೆಯಿಲ್ಲ. ಇಟ್ಟುಕೊಳ್ಳಬಹುದು, ತೆಗೆಯಬಹುದು, ಬೀಳಲೂ ಬಿಡಬಹುದು, ಕೌನ್ಸಿಲ್ ಕೇಳುವುದಿಲ್ಲ.

ಚಿನ್ಮಯಿ ಅತ್ತಳು. ನಾನು ಅಳಲಿಲ್ಲ. ಪತ್ರದ ಆ ಪುಟದಲ್ಲಿ ಜಗಲಿಯ ಬಗ್ಗೆ ಒಂದು ಸಾಲಿದೆ, ಅದನ್ನು ನನ್ನ ಕೈಯಲ್ಲೇ ಇಲ್ಲಿ ಇಳಿಸಿಕೊಂಡೆ:

"ಕಲ್ಲಿನ ಆಸನ, 2021. ಕಟ್ಟಿದವರು: ಜಟ್ಟಿ ದೇವಪ್ಪ ಹರಿಕಂತ್ರ, ಗಾರೆ ಕೆಲಸದವರು, ಕ್ರೇಗಿಬರ್ನ್."

ಚಿನ್ಮಯಿ ಪೆಟ್ಟಿಗೆಗಳನ್ನು ನೋಡಿ, "ಏನಮ್ಮ, ಪಾತ್ರೆ ಎಲ್ಲ ಮತ್ತೆ ಹೊರಗಿದೆ?" ಎಂದಳು. ಅಡುಗೆಗೆ ಬೇಕಿತ್ತು, ತೆಗೆದಿದ್ದೆ. ಎಲ್ಲವನ್ನೂ ತೆಗೆದಿದ್ದೇನೆಂದು ಅವಳು ಹೇಳಿದ ಮೇಲೇ ಗೊತ್ತಾಯಿತು. ಸಿಡ್ನಿಗೆ ಬರುತ್ತೇನೆ, ಚಳಿಗಾಲಕ್ಕೆ ಬಂದು ಎರಡು ತಿಂಗಳು ಇರುತ್ತೇನೆ ಎಂದೆ. ಅದಕ್ಕಿಂತ ಹೆಚ್ಚು ಆಗುವುದಿಲ್ಲ. ಸುಣ್ಣಕ್ಕೆ ನೀರು ಹಾಕುವವರಾರು? ವರ್ಷ ವರ್ಷ ಈಸ್ಟರಿಗೆ ಆ ಜಗಲಿಗೆ ಬಳಿಯದಿದ್ದರೆ ಉಪ್ಪುಗಾಳಿ ತಿಂದುಹಾಕುತ್ತದೆ.

"ಬಸವಣ್ಣೆಪ್ಪ ಅಂಕಲ್ ಹಾಕ್ತಾರೆ ಬಿಡು" ಎಂದಳು.

"ಎರಡು ತಿಂಗಳು ಹಾಕ್ತಾನೆ" ಎಂದೆ.

ಏಪ್ರಿಲ್ 17, ಗುರುವಾರ

ಕಿಲ್‌ಬ್ರೈಡ್. ಬಿಸಿಲು, ಗಾಳಿ ಕಡಿಮೆ. ಫ್ರೀವೇಯಲ್ಲಿ ಅರ್ಧ ದಾರಿ ನಾನೇ ಓಡಿಸಿದೆ. ಚಿನ್ಮಯಿ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದಳು.

ಮೂರು ಮನೆಗೂ ಸುಣ್ಣ ಬಳಿದಾಯಿತು. ಊರಿನವರು ಹನ್ನೊಂದು ಜನ ಬಂದಿದ್ದರು. ನೋರಾ ಕುರ್ಚಿಯಲ್ಲಿ ಕೂತು ಎಲ್ಲರಿಗೂ ತಪ್ಪು ತೋರಿಸಿದಳು. ನಡುವೆ ಧಕ್ಕೆಯಿಂದ ಕೂಟಾ ಮೀನು ಬಂತು, ಸೀಳಿ ಕೊಟ್ಟೆ, ಮಸಾಲೆ ಹಚ್ಚಿ ಹುರಿದೆ. ನೋರಾ ಎರಡು ತುಂಡು ತಿಂದು ಮೂರು ಲೋಟ ನೀರು ಕುಡಿದಳು.

ಆದ್ಯಾ ಜಗಲಿಯ ಮೇಲೆ ಬೋರಲು ಮಲಗಿ ಇರುವೆ ನೋಡುತ್ತಿದ್ದಳು. "ಅಜ್ಜಿ, ವಾಟ್ ವಾಸ್ ಅಜ್ಜಾಸ್ ನೇಮ್?" ಎಂದಳು. ಹೇಳಿದೆ. ಅವಳು ಎರಡು ಸಲ ಹೇಳಿ ನೋಡಿದಳು, ಎರಡನೇ ಸಲ ಸರಿಯಾಗಿ ಬಂತು.

ಪರೀಕ್ಷೆಯವರು ಎಬ್ಬಿಸಿದ ಮೂಲೆಯ ಕಲ್ಲನ್ನು ಸ್ವಸ್ಥಾನಕ್ಕೆ ಕೂರಿಸಿದೆ. ಸುಣ್ಣ ಅರ್ಧ ಬಕೆಟ್, ಮರಳು ಒಂದೂವರೆ. ಬೆಲ್ಲ ಎರಡು ಅಚ್ಚು. ಒಂದು ಕಲ್ಲಿಗೆ ಅಷ್ಟು ಬೇಕಿರಲಿಲ್ಲ.

ಯಾರೂ ಬೈಯಲಿಲ್ಲ.